ಎಲುಬು ಕೂಡಿಸುವವರ ಮನೆಯ ಫುಲ್‌ಬ್ಯಾಕ್

ಅಫಜಲಪುರದ ಸುತ್ತಮುತ್ತ ಯಾರ ಕೈಕಾಲು ಮುರಿದರೂ ಮೊದಲು ನೆನಪಾಗುತ್ತಿದ್ದದ್ದು ಧರ್ಮಣ್ಣನ ಪಡಸಾಲೆ. ದವಾಖಾನೆ ಇರಲಿಲ್ಲವೆಂದಲ್ಲ. ಅಲ್ಲಿ ಸೊಲ್ಲಾಪುರಕ್ಕೆ ಚೀಟಿ ಬರೆದು ಕೊಡುತ್ತಿದ್ದರು. ಇಲ್ಲಿ ಧರ್ಮಣ್ಣ ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ, ಮುರಿದಲ್ಲಿ ಬೆರಳಾಡಿಸಿ, ಎಲುಬು ಕೂಡಿಸಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ ಮಲಗಿಸುತ್ತಿದ್ದ. ರೊಕ್ಕ ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಅಷ್ಟೇ. ದೂರದಿಂದ ಬಂದವರು ಪಡಸಾಲೆಯಲ್ಲೇ ಉಳಿದು, ಮನೆಯ ರೊಟ್ಟಿಯನ್ನೇ ಉಂಡು, ಕಾಲು ಕೂಡಿದ ಮೇಲೆ ಎದ್ದು ಹೋಗುತ್ತಿದ್ದರು.

ವಿದ್ಯೆ ಕಲಿಸಿದ ಗುರು ಅವನಿಂದ ಎರಡು ಮಾತು ತೆಗೆದುಕೊಂಡಿದ್ದರು. ಬಂದವರನ್ನು ತಿರುಗಿ ಕಳಿಸಬಾರದು. ಎಲ್ಲಿ ನೋಯುತ್ತದೆ ಎಂದು ಕೇಳಬೇಕು, ಯಾರು ಹೊಡೆದರು ಎಂದು ಕೇಳಬಾರದು. ಕೇಳಿದ ದಿನ ಕೈಗುಣ ಹೋಗುತ್ತದೆ. ಗಂಡನ ಹೊಡೆತ ತಿಂದ ಹೆಂಗಸರು, ಗೋಡೆ ಹಾರಿ ಬಿದ್ದ ಕಳ್ಳರು, ಹೊಲದ ಬದುವಿಗೆ ಬಡಿದಾಡಿದ ಅಣ್ಣತಮ್ಮಂದಿರು, ಎಲ್ಲರೂ ಆ ಪಡಸಾಲೆಯಲ್ಲಿ ಮಲಗಿದ್ದರು. ಧರ್ಮಣ್ಣ ಯಾರನ್ನೂ ಕೇಳಿದವನಲ್ಲ. ದಬ್ಬೆ ಕಟ್ಟಿದ ಮೇಲೆ ಕೈ ತೊಳೆಯುತ್ತಲೂ ಇರಲಿಲ್ಲ. ಕೈಯಲ್ಲಿ ಉಳಿದ ಎಣ್ಣೆ ಗುರುವಿನ ಪ್ರಸಾದವೆಂದು ತನ್ನ ಮೊಣಕಾಲಿಗೆ ಒರೆಸಿಕೊಳ್ಳುತ್ತಿದ್ದ. ಧೋತರ ತೊಳೆಯುವ ಸೊಸೆ ಹೀರಾಬಾಯಿ ಮಾತ್ರ, "ಪ್ರಸಾದ ಹೋಗಂಗಿಲ್ಲ ಬಿಡ್ರಿ, ಎಷ್ಟು ಒಗದ್ರೂ ಧೋತರದಾಗೇ ಇರ್ತದ" ಎಂದು ಗೊಣಗುತ್ತಿದ್ದಳು.

ಧರ್ಮಣ್ಣನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಚಂದ್ರಾಮಪ್ಪ, ಹೀರಾಬಾಯಿಯ ಗಂಡ, ಬಸ್‌ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದ. ಕಿರಿಯ ಶಾಂತಲಿಂಗಪ್ಪ ಫುಟ್‌ಬಾಲ್ ಆಡಿ ಪಗಾರ ತರುತ್ತಿದ್ದ. ಎಂಬತ್ತರ ಆಸುಪಾಸಿನ ಅಫಜಲಪುರದಲ್ಲಿ ಹೀಗೆಂದರೆ ಜನ ನಗುತ್ತಿದ್ದರು, ಪಗಾರ ಕಂಡ ಮೇಲೆ ನಗುವುದು ಬಿಟ್ಟರು. ಆಳಂದದಲ್ಲಿ ಹತ್ತಿ ಜಿನ್ನು ನಡೆಸುವ ವ್ಯಂಕಟೇಶ ಸಾಹುಕಾರನಿಗೆ ಟೀಮು ಕಟ್ಟುವ ಖಯಾಲಿ. ಶಾಂತಲಿಂಗಪ್ಪ ಹೆಸರಿಗೆ ಜಿನ್ನಿನ ಕಾವಲುಗಾರ. ಕೆಲಸ ಮಾತ್ರ ಫುಲ್‌ಬ್ಯಾಕ್ ಆಗಿ ಗೋಲಿನ ಮುಂದೆ ನಿಂತು, ಬಂದವರನ್ನು ತಡೆಯುವುದು.

ಸಾಹುಕಾರ ಸೊಲ್ಲಾಪುರದ ಹಳೇ ಬಟ್ಟೆಯ ಗಂಟಿನಲ್ಲಿ ಒಂದು ಪಟ್ಟೆಪಟ್ಟೆ ಅಂಗಿ ಹುಡುಕಿ ತಂದಿದ್ದ. ಬೆನ್ನ ಮೇಲೆ ನಾಲ್ಕನೇ ನಂಬರು, ಅದರ ಮೇಲೆ ಇಂಗ್ಲಿಷ್ ಹೆಸರು. ಅಮೆರಿಕಾದಲ್ಲಿ ಒಬ್ಬ ಡಿಫೆಂಡರ್ ಹಾಕಿ ಬಿಟ್ಟ ಅಂಗಿ, ಅಲ್ಲಿ ಬರೀ ತಡೆಯುವುದಕ್ಕೇ ಲಕ್ಷಗಟ್ಟಲೆ ಕೊಡುತ್ತಾರೆ ಎಂದು ಸಾಹುಕಾರ ಹೇಳಿದ. ಅದು ನಿಜವೋ ಸುಳ್ಳೋ, ಅಂಗಿ ಹಾಕಿದ ಮೇಲೆ ಶಾಂತಲಿಂಗಪ್ಪನ ಹೆಸರು ಮೈದಾನದಲ್ಲಿ 'ಅಮೆರಿಕಾ' ಎಂದೇ ಆಯಿತು. ಜೇವರ್ಗಿಯಿಂದ ಆಳಂದದವರೆಗೆ ಆಟ ನೋಡುವವರಿಗೆಲ್ಲ ಅಮೆರಿಕಾ ಗೊತ್ತು, ಧರ್ಮಣ್ಣನ ಮಗ ಗೊತ್ತಿಲ್ಲ.

ಅವನ ಎಡಗಾಲಿನ ಹರಡು, ಪಾದದ ಮೇಲಿನ ಕೀಲು, ಮಾತ್ರ ಪೊಳ್ಳಾಗಿತ್ತು. ನಾಲ್ಕಾರು ಆಟಕ್ಕೊಮ್ಮೆ ಕೀಲು ಸರಿಯುತ್ತಿತ್ತು. ಬಸ್ಸು ಹತ್ತಿ ಮನೆಗೆ ಬಂದು, ಅಪ್ಪನ ಮುಂದೆ ಕಾಲು ಚಾಚಿ ಕೂಡುತ್ತಿದ್ದ. ಧರ್ಮಣ್ಣ ಹೆಬ್ಬೆರಳು ಊರಿ ಒಮ್ಮೆ ತಿರುವಿದರೆ ಕೀಲು ಕೂತುಬಿಡುತ್ತಿತ್ತು. ಸೊಲ್ಲಾಪುರದ ಡಾಕ್ಟರು, ಕೊಯ್ದು ಕಟ್ಟಬೇಕು, ಆಮೇಲೆ ಆಟ ಮರೆಯಬೇಕು ಎಂದಿದ್ದರು. ಅಪ್ಪನ ಕೈ ಇರುವ ತನಕ ಅದರ ಚಿಂತೆ ಶಾಂತಲಿಂಗಪ್ಪನಿಗಿರಲಿಲ್ಲ.

ಈ ವರ್ಷ ಹೈದರಾಬಾದಿನ ಒಂದು ದೊಡ್ಡ ಫ್ಯಾಕ್ಟರಿಯವರು ಅವನ ಆಟ ನೋಡಿ ಹೋಗಿದ್ದರು. ಒಂದು ತಿಂಗಳು ಅವರ ಟೀಮಿನಲ್ಲಿ ಆಡಿಸಿ ನೋಡಿ, ಸರಿ ಅನಿಸಿದರೆ ಕಾಯಂ ನೌಕರಿ ಕೊಡುತ್ತಾರಂತೆ. ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಇದೇ ಮಾತು.

ಆಳಂದದ ಟೂರ್ನಮೆಂಟಿನ ಫೈನಲ್ ನೋಡಲು ಹೋದ ಚಂದ್ರಾಮಪ್ಪ ಜಿಲೇಬಿ ಪುಡಿಕೆ ಹಿಡಿದು ತಿರುಗಿ ಬಂದ. ಜಿನ್ನಿನ ಟೀಮು ಗೆದ್ದಿತ್ತು. ಶಾಂತಲಿಂಗಪ್ಪ ಕೊಟ್ಟು ಕಳಿಸಿದ ಅರಿವೆಯ ಗಂಟು ಬಿಚ್ಚಿದ ಹೀರಾಬಾಯಿ ಬಚ್ಚಲಲ್ಲಿ ಕೂತು ಕಾಲುಚೀಲ ತಿಕ್ಕಿದಳು. ಕಲೆ ಹೋಗಲಿಲ್ಲ.

"ಅತ್ತೀ, ಮೈದುನಗ ಗಾಯ ಆಗ್ಯಾದೇನ್ರಿ? ಚೀಲದಾಗ ರಕ್ತ ಅದ."

ಧರ್ಮಣ್ಣನ ಹೆಂಡತಿ ಸುಭದ್ರಾಬಾಯಿ ಗಾಬರಿಯಾಗಿ ಹಿರಿಯ ಮಗನ ಕಡೆ ನೋಡಿದಳು. ಚಂದ್ರಾಮಪ್ಪ ಜಿಲೇಬಿ ಮುರಿಯುತ್ತ, "ಅವನ ರಕ್ತ ಅಲ್ಲ ಬಿಡಬೇ. ಆಟದಾಗ ಹಚ್ಚಿರ್ತದ" ಎಂದ.

ಹೀರಾಬಾಯಿ ಕಾಲುಚೀಲವನ್ನು ಎರಡು ಬೆರಳಲ್ಲಿ ಹಿಡಿದು ಬಚ್ಚಲ ಮೂಲೆಗೆ ಒಗೆದಳು. "ಹಂಗಾದ್ರ ಯಾರ ರಕ್ತನೋ ಅವರ ಮನ್ಯಾಗ ಒಗೀಲಿ."

ಮರುದಿನ ಮಧ್ಯಾಹ್ನ ಮನೆಯ ಮುಂದೆ ಜೀಪು ನಿಂತಿತು. ಹುಡುಗರಿಬ್ಬರು ಒಬ್ಬನನ್ನು ಎತ್ತಿಕೊಂಡು ಬಂದು ಪಡಸಾಲೆಯ ಹೊರಸಿನ ಮೇಲೆ ಮಲಗಿಸಿದರು. ಜೇವರ್ಗಿಯವನು, ಅಬ್ದುಲ್ ಗನಿ, ಅಲ್ಲಿನ ಟೀಮಿನ ಫಾರ್ವರ್ಡ್. ಬಲಗಾಲು ಮೊಣಕಾಲ ಕೆಳಗೆ ಬಾಗಿ ಬಾತಿತ್ತು.

"ಎಲ್ಲಿ ನೋಯ್ತದಪ್ಪ?" ಧರ್ಮಣ್ಣ ಕೇಳಿದ.

"ಎಲ್ಲಾ ನೋಯಾಕತ್ಯಾದ್ರಿ ಕಾಕಾ" ಎಂದ ಗನಿ. ನಗಲು ನೋಡಿದ, ಆಗಲಿಲ್ಲ.

ಧರ್ಮಣ್ಣ ಎಣ್ಣೆಯ ಬೆರಳನ್ನು ಮೊಣಕಾಲಿನಿಂದ ಇಳಿಸುತ್ತ ಬಂದ. ಎಲುಬು ಸಪೂರವಾಗುವ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಈ ಹಂಗಾಮಿನಲ್ಲಿ ಆಟದವರದು ಇನ್ನೆರಡು ಕಾಲು ಅವನ ಕೈಗೆ ಬಂದಿದ್ದವು. ಎರಡೂ ಇಲ್ಲೇ ಮುರಿದಿದ್ದವು. ಚಿಕ್ಕವನಿದ್ದಾಗ ಶಾಂತಲಿಂಗಪ್ಪನಿಂದ ರೋಗಿಗಳ ಕಾಲು ಹಿಡಿಸುತ್ತಿದ್ದ ಧರ್ಮಣ್ಣ, ಇದೇ ಜಾಗ ತೋರಿಸಿ, ಇಲ್ಲಿ ಸಂಭಾಳಿಸಿ ಹಿಡಿ, ಇಲ್ಲಿ ಎಲುಬು ನಾಜೂಕ ಅದ ಎಂದು ಹೇಳುತ್ತಿದ್ದ.

ಒಳಗಿನಿಂದ ನೋಡುತ್ತಿದ್ದ ಸುಭದ್ರಾಬಾಯಿಗೆ ಗಂಡನ ಮುಖ ಕಂಡಿತು. ಅವನು ಏನೂ ಕೇಳಲಿಲ್ಲ. ಕಾಲು ಎಳೆದು ಕೂಡಿಸಿದ, ಹುಡುಗ ಚೀರಿದ, ದಬ್ಬೆ ಕಟ್ಟಿದ. ಕೈಯ ಎಣ್ಣೆ ಮೊಣಕಾಲಿಗೆ ಒರೆಸಿಕೊಂಡ.

ಸಂಜೆಯ ಬಸ್ಸಿಗೆ ಗನಿಯ ತಾಯಿ ಹುಸೇನಬೀ ಹಾಸಿಗೆ ಸುತ್ತಿಕೊಂಡು ಬಂದಳು. ಪಡಸಾಲೆಯ ಗೂಡಿನಲ್ಲಿ ಬೇರೆ ಜಾತಿಯವರಿಗೆಂದೇ ಎರಡು ಜರ್ಮನ್ ತಾಟು, ಅಲ್ಯೂಮಿನಿಯಂನವು, ಇರುತ್ತಿದ್ದವು. ಹೀರಾಬಾಯಿ ತಾಟಿಗೆ ಕೈ ತಾಗದಂತೆ ಮೇಲಿಂದ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. ಉಂಡ ಮೇಲೆ ಹುಸೇನಬೀ ತಾಟು ತೊಳೆದು, ಮತ್ತೆ ಗೂಡಿನಲ್ಲೇ ಕವುಚಿ ಇಟ್ಟಳು. ಯಾರೂ ಹೇಳದಿದ್ದರೂ ಮರುದಿನ ಅಂಗಳ ಗುಡಿಸಿದಳು. ಶೇಂಗಾ ಒಡೆಯುವಾಗ ಬಂದು ಕೂತಳು.

"ಯಾರವ್ವ ಹಿಂಗ್ ಹೊಡದಾನ ನಿನ್ನ ಮಗಗ?" ಶೇಂಗಾ ಒಡೆಯುತ್ತ ಹೀರಾಬಾಯಿ ಕೇಳಿದಳು. ನಿಯಮ ಧರ್ಮಣ್ಣನಿಗೆ ಇತ್ತು, ಅವಳಿಗೇನು?

"ಅಮೆರಿಕಾ ಅಂತಾರಂತ್ರಿ. ಹೆಸರು ಗೊತ್ತಿಲ್ಲ. ಬಾಲು ಅತ್ಲಾಗಿತ್ತಂತ, ಇವನ ಕಾಲಿಗೇ ಬಂದನಂತ. ಅವನ ಕಾಲಾಗ ಹುಳಾ ಬೀಳ್ಲಿ."

ಸುಭದ್ರಾಬಾಯಿಯ ಕೈಯ ಶೇಂಗಾ ಕೆಳಗೆ ಬಿತ್ತು. ಹೀರಾಬಾಯಿ ಅತ್ತೆಯ ಮುಖ ನೋಡಲಿಲ್ಲ.

ಅವತ್ತು ಊಟಕ್ಕೆ ಬಂದ ಹಿರಿಯ ಮಗನನ್ನು ಸುಭದ್ರಾಬಾಯಿ ಅಡುಗೆಮನೆಯಲ್ಲೇ ಹಿಡಿದಳು. "ನಿನಗ ಗೊತ್ತಿತ್ತಲ್ಲ?"

"ಗೊತ್ತಿದ್ರ ಏನ್ಮಾಡ್ಲಿ? ಆಟ ಅಂದ್ರ ಆಟ. ಹಾಫ್‌ಟೈಮಿನಾಗ ಸಾಹುಕಾರ ಹೇಳಿದ್ರು, ಅವರ ಹತ್ತನೇ ನಂಬರಿನವ ಇನ್ನ ನನ್ನ ಕಣ್ಣಿಗೆ ಬೀಳಬಾರದು ಅಂತ. ಅವ ಕೆಲಸ ಮಾಡಿದ. ಅನ್ನ ತಿಂದ ಮನಿಗೆ ಮಾಡಬೇಕಲ್ಲ?"

"ಮುರಿಯೋದು ಕೆಲಸೇನೋ?"

"ಅವ್ವ, ಮೆಲ್ಲಕ ಮಾತಾಡು. ಹೊರಗ ಕೂತಾಳ ಆಕಿ. ಈ ಸಾರಿ ಬರಬ್ಯಾಡ ಅಂತ ಶಾಂತ್ಯಾಗ ಹೇಳಿ ಕಳಿಸ್ತೇನಿ. ಅಪ್ಪಗ ಏನೂ ಹೇಳಬ್ಯಾಡ. ಅವನೂ ಕೇಳಂಗಿಲ್ಲ."

ಹೇಳಿ ಕಳಿಸಿದ ಮಾತು ಮುಟ್ಟಲಿಲ್ಲ. ಶಾಂತಲಿಂಗಪ್ಪ ಅದೇ ರವಿವಾರ ಕುಂಟುತ್ತ ಬಂದ. ಹೊಸಲು ದಾಟುವ ಮೊದಲೇ ಹೊರಸಿನ ಮೇಲಿದ್ದ ಗನಿ ಅವನನ್ನು ಕಂಡ. ಇಬ್ಬರೂ ಹಾಗೇ ನಿಂತುಬಿಟ್ಟರು, ಅಂದರೆ ಒಬ್ಬ ನಿಂತ, ಇನ್ನೊಬ್ಬ ಮಲಗಿಯೇ ಇದ್ದ.

ಹುಸೇನಬೀ ಬಂದವನಿಗೆ ಚೊಂಬಿನಲ್ಲಿ ನೀರು ತಂದಳು. "ಇವ ಯಾರೋ ಬೇಟಾ, ಗುರುತಿನವನೇನು?"

ಗನಿ ಗೋಡೆಯ ಕಡೆ ಹೊರಳಿದ. "ಅಮೆರಿಕಾ, ಅಮ್ಮೀ."

ಅವಳ ಕೈಯ ಚೊಂಬು ಹಾಗೇ ಉಳಿಯಿತು. ಆಗ ಶಾಂತಲಿಂಗಪ್ಪ ಒಳಗೆ ನಡೆದು, "ಅವ್ವ, ಹಸಿವಾಗ್ಯಾದ" ಎಂದ. ಅವನ ಅವ್ವ ಎಂದರೆ ಯಾರೆಂದು ಹುಸೇನಬೀಗೆ ಆಗ ತಿಳಿಯಿತು. ಅವಳು ಗಂಟು ಕಟ್ಟತೊಡಗಿದಳು. ಗನಿ, "ಎಲ್ಲಿಗಿ ಹೋಗ್ತೀ, ಈ ಕಾಲು ತಗೊಂಡು?" ಎಂದ ಮೇಲೆ ಮತ್ತೆ ಬಿಚ್ಚಿದಳು.

ಒಳಗೆ ಸುಭದ್ರಾಬಾಯಿ ಮಗನಿಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಜೋರಾಗಿತ್ತು.

"ಹುಡುಗ ಹೊರಗ ಮಲಗ್ಯಾನ. ಒಂದು ಮಾತಾಡಬಾರದೇನೋ?"

"ಏನಂತ ಮಾತಾಡ್ಲಿ? ನಾ ಬಿಟ್ಟಿದ್ರ ಗೋಲ್ ಹೊಡೀತಿದ್ದ. ಡಿಫೆಂಡರ್‌ನ ಕೆಲಸೇ ಅದು. ಇನ್ನೊಂದಿಷ್ಟು ಶೇಂಗಾ ಚಟ್ನಿ ಹಾಕು."

"ಎಲ್ಲಿ ಹೊಡೀಬೇಕು ಅನ್ನೋದು ಯಾರು ಕಲಿಸಿದ್ರು ನಿನಗ? ಸಾಹುಕಾರನೇ?"

ಶಾಂತಲಿಂಗಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. "ಅಪ್ಪ ಕಲಿಸಿದ್ದು ಮರೀಲಿಕ್ಕೆ ಬರ್ತದೇನು?" ಎಂದು ನಕ್ಕ.

ಹೀರಾಬಾಯಿ ಹಾಲಿನ ಬಟ್ಟಲು ಅವನ ಮುಂದೆ ಇಡಲು ಬಂದವಳು ಇಡದೇ ತಿರುಗಿ ಹೋದಳು.

ಊಟವಾದ ಮೇಲೆ ಧರ್ಮಣ್ಣ ಮಗನ ಹರಡು ಕೂಡಿಸಿದ. ಪಕ್ಕದಲ್ಲೇ ಗನಿಯ ಹೊರಸು. ಒಂದೇ ಬಟ್ಟಲಿನ ಎಣ್ಣೆ. ಶಾಂತಲಿಂಗಪ್ಪ ಎದ್ದು ನಾಲ್ಕು ಹೆಜ್ಜೆ ಓಡಿ ನೋಡಿ, ಬಸ್ಸಿಗೆ ಹೋದ. ಓಣಿಯಲ್ಲಿ ಆಗಲೇ ಮಾತು ಹಬ್ಬಿತ್ತು. ಕಟ್ಟೆಯ ಮೇಲೆ ಕೂತವರು ಧರ್ಮಣ್ಣ ಹಾದು ಹೋದಾಗ, "ಮಗ ಮುರಿತಾನ, ಅಪ್ಪ ಕೂಡಿಸ್ತಾನ, ಧಂದಾ ಚಲೋ ಅದ" ಎಂದು ಕೇಳಿಸುವಂತೆಯೇ ನಕ್ಕರು.

"ಈಗರ ಮಗಗ ಕೇಳ್ತೀರೋ ಇಲ್ಲೋ?" ಸುಭದ್ರಾಬಾಯಿ ಗಂಡನನ್ನು ಕೇಳಿದಳು.

"ಕೇಳಬಾರದು ನಾ."

"ಕೇಳಬಾರದು ಅನ್ನೋದು ನಿಮಗ ಭಾಳ ಅನುಕೂಲ ಆಗ್ಯಾದ."

ಧರ್ಮಣ್ಣ ದಬ್ಬೆ ಕೆತ್ತುತ್ತ ಕೂತ.

ಅತ್ತ ಜೇವರ್ಗಿಯವರು ಟೂರ್ನಮೆಂಟ್ ಕಮಿಟಿಗೆ ತಕರಾರು ಕೊಟ್ಟಿದ್ದರು. ಬಾಲು ಬಿಟ್ಟು ಕಾಲಿಗೇ ಹೊಡೆದಾನೆ, ಬೇಕಂತಲೇ ಹೊಡೆದಾನೆ ಎಂದು. ತಕರಾರು ಇರುವವನನ್ನು ಹೈದರಾಬಾದಿನವರು ಕರೆಯುವುದಿಲ್ಲ. ವ್ಯಂಕಟೇಶ ಸಾಹುಕಾರ ಜೀಪಿನಲ್ಲಿ ಬಂದು, ಪಡಸಾಲೆಯೊಳಗೆ ಬರದೆ, ಚಂದ್ರಾಮಪ್ಪನ ಅಂಗಡಿಯಲ್ಲೇ ಸೋಡಾ ಕುಡಿದು ಹೋದ. ಮರುದಿನ ಚಂದ್ರಾಮಪ್ಪ ಬಾವಿಕಟ್ಟೆಯಲ್ಲಿ ಹುಸೇನಬೀಯನ್ನು ಮಾತಾಡಿಸಿದ. ಬಟ್ಟೆ ಒಗೆಯುತ್ತಿದ್ದ ಹೀರಾಬಾಯಿ ಎಲ್ಲವನ್ನೂ ಕೇಳಿದಳು.

"ನೋಡವ್ವ, ನಾಳೆ ಕಮಿಟಿಯವರು ಕೇಳಾಕ ಬರ್ತಾರ. ತಗ್ಗಿನಾಗ ಕಾಲು ಸಿಕ್ಕಿ ಮುರೀತು ಅಂತ ಹೇಳಿಬಿಡಂತ ಹೇಳು ಮಗಗ. ಅವನ ಕಾಲಂತೂ ಕೂಡ್ತದ. ನಮ್ಮ ಹುಡುಗನ ನೌಕರಿ ಹೋದ್ರ ಕೂಡಂಗಿಲ್ಲ."

"ಸುಳ್ಳು ಹೆಂಗ್ ಹೇಳ್ಲಿರಿ ಸಾಹೇಬ?"

"ದಬ್ಬಿ ಇನ್ನೂ ಎಷ್ಟು ಸಲ ಬಿಚ್ಚಿ ಕಟ್ಟಬೇಕು, ಗೊತ್ತದ ಇಲ್ಲ? ನಡುವೇ ಬಿಟ್ರ ಕಾಲು ಸೊಟ್ಟ ಆಗ್ತದ. ಅಪ್ಪನ ಕೈ ಅದು. ಅಪ್ಪನ ಮನಸು ಕೆಟ್ರ ನಾ ಏನೂ ಮಾಡಾಕ ಬರಂಗಿಲ್ಲ."

ಹುಸೇನಬೀ ಕೊಡ ಹೊತ್ತುಕೊಂಡು ಹೋದಳು. ಹೀರಾಬಾಯಿ ಒದ್ದೆ ಕೈಯಲ್ಲೇ ಗಂಡನ ಮುಂದೆ ನಿಂತಳು.

"ಮಾವ ನಿಮಗ ಹಂಗಂತ ಹೇಳಿದ್ರೇನ್ರಿ?"

"ನಿನಗ್ಯಾಕಬೇ? ನಿನ್ನ ಕೆಲಸ ನೋಡು."

"ಹೊರಸಿಗೆ ಬಿದ್ದವನ ಕುತ್ತಿಗಿ ಹಿಡೀತೀರಿ. ನಿಮ್ಮ ಕೂಡ ಒಂದು ತಾಟಿನಾಗ ಉಣ್ಣೋದಂದ್ರ ನನಗ ವಾಕರಿಕಿ ಬರ್ತದ."

ಆ ದಿನದಿಂದ ಅವಳು ಗಂಡನಿಗೆ ಬಡಿಸಿ ಒಳಗೆ ಹೋಗುತ್ತಿದ್ದಳು. ಮಾತು ಮಾತ್ರ ಮಾವನ ತನಕ ಒಯ್ಯಲಿಲ್ಲ. ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ.

ಕಮಿಟಿಯವನು ಬಂದ. ಗನಿ ಮಾಳಿಗೆಯ ಜಂತಿ ನೋಡುತ್ತ, ತಗ್ಗಿತ್ತು, ಕಾಲು ಸಿಕ್ಕಿತು ಎಂದ. ಕಮಿಟಿಯವನು ಚಹಾ ಕುಡಿದು ಹೋದ. ಧರ್ಮಣ್ಣ ಆಗ ಹೊಲಕ್ಕೆ ಹೋಗಿದ್ದ.

ದಬ್ಬೆ ಬಿಚ್ಚಿ ಕಟ್ಟುವ ದಿನ ಬಂತು. ಧರ್ಮಣ್ಣ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ಹುಸೇನಬೀ ಅವನ ಕಾಲ ಹತ್ತಿರ ಬಗ್ಗಿ ಕೂತಳು.

"ಅಣ್ಣಾರ, ನೀವು ಹೇಳಿ ಕಳಿಸಿದಂಗ ಕಮಿಟಿಯವರಿಗೆ ಹೇಳೀವ್ರಿ. ನಿಮ್ಮ ಮಗನ ಹೆಸರು ತಗೊಂಡಿಲ್ಲ. ಇನ್ನ ಮನಸಿನಾಗ ಏನೂ ಇಟ್ಕೊಬ್ಯಾಡ್ರಿ. ನೆಟ್ಟಗ ಕಟ್ರಿ."

ಧರ್ಮಣ್ಣನಿಗೆ ಮೊದಲು ತಿಳಿಯಲಿಲ್ಲ. "ನಾ ಹೇಳಿ ಕಳಿಸಿದೆನಾ?"

"ನಿಮ್ಮ ಹಿರಿ ಮಗ ಹೇಳಿದ್ರಲ್ರಿ. ಇಲ್ಲಂದ್ರ ನಿಮ್ಮ ಮನಸು ಕೆಟ್ಟು ಕಾಲು ಸೊಟ್ಟ ಆಗ್ತದಂತ."

ಅವನು ಬಟ್ಟಲು ಕೆಳಗಿಟ್ಟ. ಬಾಗಿಲ ಹಿಂದೆ ನಿಂತಿದ್ದ ಹೀರಾಬಾಯಿಯನ್ನು ನೋಡಿದ. ಅವಳು ತಲೆ ತಗ್ಗಿಸಿದಳು, ಅಷ್ಟರಲ್ಲೇ ಅವನಿಗೆ ಉತ್ತರ ಸಿಕ್ಕಿತು. ಬಹಳ ಹೊತ್ತು ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಕಾಲು ಬಿಚ್ಚಿ, ತಿಕ್ಕಿ, ಕಟ್ಟಿದ. ಎಂದಿಗಿಂತ ನಿಧಾನವಾಗಿ ಕಟ್ಟಿದ. ಎಣ್ಣೆಯನ್ನು ಮೊಣಕಾಲಿಗೆ ಒರೆಸಿಕೊಳ್ಳಲಿಲ್ಲ. ಹಾಗೇ ಕೈ ಚಾಚಿಕೊಂಡು ಕೂತಿದ್ದ, ಸುಭದ್ರಾಬಾಯಿ ಬಂದು ಹಳೇ ಅರಿವೆ ಕೊಡುವ ತನಕ.

ಅಂದಿನಿಂದ ಅವನು ಒಳಗೆ ಊಟಕ್ಕೆ ಬರಲಿಲ್ಲ. ಗೂಡಿನಲ್ಲಿದ್ದ ಜರ್ಮನ್ ತಾಟು ತಾನೇ ಇಳಿಸಿಕೊಂಡು, ಗನಿಯ ಹೊರಸಿನ ಕೆಳಗೆ ಕೂತು ಉಂಡ. ಇಷ್ಟಲಿಂಗ ಕಟ್ಟಿಕೊಂಡವರು ಆ ತಾಟಿನಲ್ಲಿ ಉಣ್ಣುವುದು ನೋಡಿ ಚಂದ್ರಾಮಪ್ಪ ಹೌಹಾರಿದ.

"ಜನ ಏನಂದಾರು ಅಪ್ಪಾ? ಒಳಗ ಬಾ."

"ಒಳಗಿನ ತಾಟು ನಾರ್ತಾವ" ಎಂದ ಧರ್ಮಣ್ಣ. ಆ ಮೇಲಿನ ಮೂರ್ನಾಲ್ಕು ವಾರ ಹಿರಿಯ ಮಗನ ಜೊತೆ ಅವನು ಆಡಿದ್ದು ಇದೊಂದೇ ಮಾತು.

ತಕರಾರು ಬಿದ್ದುಹೋಯಿತು. ಹೈದರಾಬಾದಿನಿಂದ ಕರೆ ಬಂತು. ಗನಿಯ ದಬ್ಬೆ ಕೊನೆಯ ಸಲ ಬಿಚ್ಚುವ ದಿನವೇ ಶಾಂತಲಿಂಗಪ್ಪ ಹೊರಡುವವನಿದ್ದ. ಸಾಹುಕಾರ ತಾನೇ ಜೀಪು ತಂದಿದ್ದ. ಚಂದ್ರಾಮಪ್ಪ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಒಳಗೆ ಹೋಳಿಗೆ ಬೇಯುತ್ತಿತ್ತು. ಹಿಂದಿನ ದಿನದ ಪ್ರಾಕ್ಟೀಸಿನಲ್ಲಿ ಶಾಂತಲಿಂಗಪ್ಪನ ಹರಡು ಮತ್ತೆ ಸರಿದಿತ್ತು. ಬಾತ ಕಾಲು ಚಾಚಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ.

"ಅಪ್ಪಾ, ನನ್ನದು ಮೊದಲು ಮಾಡಿಬಿಡು. ಸಾಹುಕಾರರಿಗೆ ಹೊತ್ತಾಗ್ತದ."

"ಮೊದಲು ಬಂದವ ಅವ" ಎಂದ ಧರ್ಮಣ್ಣ.

ದಬ್ಬೆ ಬಿಚ್ಚಿದ. ಕಾಲು ಸಣಕಲಾಗಿತ್ತು, ನೆಟ್ಟಗಿತ್ತು. ಎಣ್ಣೆ ಹಚ್ಚಿ ಮೇಲಿಂದ ಕೆಳಗೆ ಬೆರಳಾಡಿಸಿ, ಕೂಡಿದ ಗಂಟಿನ ಮೇಲೆ ಬೆರಳು ನಿಲ್ಲಿಸಿ ಕಣ್ಣು ಮುಚ್ಚಿದ. ಗನಿ ತಾಯಿಯ ಹೆಗಲು ಹಿಡಿದು ಎದ್ದ. ಅಂಗಳದ ತನಕ ಹೋಗಿ, ಹೆಗಲು ಬಿಟ್ಟು, ತಾನೇ ತಿರುಗಿ ಬಂದ. ಹುಸೇನಬೀ ಸೆರಗಿನಲ್ಲಿ ಕಟ್ಟಿಕೊಂಡಿದ್ದ ತೆಂಗಿನಕಾಯಿ ಇಟ್ಟಳು.

"ಅಪ್ಪಾ, ಈಗ ನಂದು" ಎಂದ ಶಾಂತಲಿಂಗಪ್ಪ.

ಧರ್ಮಣ್ಣ ಅವನ ಕಡೆ ನೋಡಲಿಲ್ಲ. ಗನಿಯ ಮುಂದೆ ನಿಂತ.

"ತಮ್ಮಾ, ನಿನ್ನ ಕಾಲು ಯಾರು ಮುರಿದ್ರು?"

ಒಳಗಿನಿಂದ ಸುಭದ್ರಾಬಾಯಿ ಸವುಟು ಹಿಡಿದೇ ಓಡಿ ಬಂದಳು. "ಏನ್ ಕೇಳಿದ್ರಿ ನೀವು? ಕೈಗುಣ ಹೋಯ್ತಲ್ರಿ. ನಾಳೆ ಯಾರದರ ಕೂಸು ಕೈ ಮುರಕೊಂಡು ಬಂದ್ರ ಏನ್ಮಾಡ್ತೀರಿ?"

"ಅವರ ಸಲುವಾಗೇ ಇಷ್ಟು ದಿನ ಕೇಳಿರ್ಲಿಲ್ಲ" ಎಂದ ಧರ್ಮಣ್ಣ. "ನನ್ನ ಕೈ ಹೆದರಿಸಾಕ ಬಳಸ್ಯಾರ. ಅಂಥಾ ಕೈ ಕೂಸಿಗೆ ಹಚ್ಚಲ್ಯಾ? ಹೇಳೋ ತಮ್ಮಾ."

ಗನಿ ಒಮ್ಮೆ ತಾಯಿಯನ್ನು ನೋಡಿದ. "ನಿಮ್ಮ ಮಗ ರಿ ಕಾಕಾ. ಬಾಲು ನನ್ನ ಹತ್ರ ಇರ್ಲಿಲ್ಲ."

"ಏ ಹುಡುಗಾ, ಅವತ್ತೇನ್ ಹೇಳಿದ್ದಿ?" ಸಾಹುಕಾರ ಮುಂದೆ ಬಂದ.

"ಅವತ್ತು ಕಾಲು ಕಟ್ಟಿತ್ರಿ. ಇವತ್ತು ಬಿಚ್ಚ್ಯಾದ" ಎಂದ ಗನಿ.

ಧರ್ಮಣ್ಣ ದಬ್ಬೆಗಳನ್ನು ಬಾಚಿ ಹೆಂಡತಿಯ ಕೈಗೆ ಕೊಟ್ಟ. "ಒಲಿಗೆ ಹಾಕು." ಆಮೇಲೆ ಬಚ್ಚಲಿನ ಕಲ್ಲಿನ ಮೇಲೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ಹೀರಾ, ಒಗೆಯೋ ಸಾಬಾನು ತಾ. ನೀರು ಹಾಕು."

ಹೀರಾಬಾಯಿ ಚೊಂಬು ಬಗ್ಗಿಸಿದಳು. ಮದುವೆಯಾಗಿ ಬಂದಾಗಿನಿಂದ ಮಾವ ಎಣ್ಣೆಯ ಕೈ ತೊಳೆದದ್ದನ್ನು ಅವಳು ನೋಡಿರಲಿಲ್ಲ. ಅವನು ಬೆರಳ ಸಂದಿ, ಉಗುರಿನ ಬುಡ, ಮುಂಗೈ ತಿಕ್ಕಿದ. ನೊರೆ ಕಪ್ಪಾಗಿ ಹರಿಯಿತು.

"ಅಪ್ಪಾ, ಸಿಟ್ಟಿದ್ರ ಆಮ್ಯಾಲ ಬೈ." ಹಿಂದಿನಿಂದ ಶಾಂತಲಿಂಗಪ್ಪನ ದನಿ ಬಂತು. "ಒಮ್ಮೆ ಹೆಬ್ಬೆರಳು ಊರು, ಸಾಕು. ಈ ಕಾಲ ಮ್ಯಾಲ ಹೆಂಗ್ ಆಡ್ಲಿ ಅಲ್ಲಿ?"

ಹೊರಗೆ ಸಾಹುಕಾರ ಜೀಪಿನ ಹಾರ್ನ್ ಒತ್ತಿದ. ಚಂದ್ರಾಮಪ್ಪ ತಮ್ಮನ ಪಾದ ಹಿಡಿದು, ತನಗೆ ತಿಳಿದ ಹಾಗೆ ತಿರುವಿ ನೋಡಿದ. ಶಾಂತಲಿಂಗಪ್ಪ ಚೀರಿದ್ದು ಓಣಿಯ ಕಟ್ಟೆಯವರೆಗೆ ಕೇಳಿಸಿತು.

ಧರ್ಮಣ್ಣ ತಿರುಗಲಿಲ್ಲ. ಅಂಗೈಯನ್ನು ಮೂಗಿಗೆ ಹಿಡಿದು ನೋಡಿ, ಮುಖ ಕಿವುಚಿ, ಮತ್ತೆ ಸಾಬಾನಿಗೆ ಕೈ ಚಾಚಿದ.

"ಇನ್ನೂ ನಾರಾಕತ್ಯಾದ. ನೀರು ಹಾಕು, ಹೀರಾ."